ಬೆನ್ನುಡಿಗೊಂದು ಬೀಗ

‘ಕೊನೆಯ ಪುಟದ ತಿರುವು ನಿಮ್ಮನ್ನು ಬೆಚ್ಚಿಬೀಳಿಸುತ್ತದೆ!’ ಹೊಸದಾಗಿ ಬಂದ ಪತ್ತೇದಾರಿ ಕಾದಂಬರಿಯನ್ನು ಕೈಗೆತ್ತಿಕೊಂಡು ತಿರುಗಿಸಿದರೆ ಬೆನ್ನ ಮೇಲೆ ಇದು ಅಚ್ಚಾಗಿರುತ್ತದೆ. ಬೆಚ್ಚಿಬೀಳಿಸುವವರು ಹೀಗೆ ಮುಂಚೆಯೇ ನೋಟೀಸು ಕೊಡುತ್ತಾರೆಯೇ? ಬಾಗಿಲ ಸಂದಿಯಲ್ಲಿ ಅಡಗಿ ನಿಂತ ಮೂರು ವರ್ಷದ ಮಗುವಿಗೂ ಇದಕ್ಕಿಂತ ಹೆಚ್ಚು ಕಸುಬು ಗೊತ್ತು. ತಿರುವು ಇದೆ ಅಂತ ಒಮ್ಮೆ ಕಿವಿಗೆ ಬಿದ್ದ ಮೇಲೆ ಓದುಗ ಕಥೆ ಓದುವುದಿಲ್ಲ, ಲೆಕ್ಕ ಹಾಕುತ್ತಾನೆ. ಎಲ್ಲರೂ ಬೆರಳು ತೋರಿಸುತ್ತಿರುವ ಅಳಿಯ ಖಂಡಿತ ಅಲ್ಲ. ಎರಡನೇ ಅಧ್ಯಾಯದಲ್ಲೇ ಸಿಕ್ಕಿಬಿದ್ದ ಮ್ಯಾನೇಜರೂ ಅಲ್ಲ. ಗಾಲಿಕುರ್ಚಿಯಲ್ಲಿ ಕೂತ ಮುದುಕಿ ನಿಜವಾಗಿ ನಡೆಯಬಲ್ಲಳೇ? ಸತ್ತವನು ಸತ್ತಿದ್ದಾನೆಯೇ? 300 ಪುಟ ಬೆವರು ಸುರಿಸಿ ಬರೆದವನ ಶ್ರಮವನ್ನು ಬೆನ್ನುಡಿಯ ಒಂದು ಸಾಲು ಹೀಗೆ ನುಂಗಿ ನೀರು ಕುಡಿಯುತ್ತದೆ.

ಬೆನ್ನುಡಿ ಬರೆಯುವವರು ಸಾಮಾನ್ಯವಾಗಿ ಲೇಖಕರಲ್ಲ, ಪ್ರಕಾಶನದ ಸಂಪಾದಕರೋ ಮಾರಾಟ ವಿಭಾಗದವರೋ. ಅವರ ಕಷ್ಟವೂ ಕಷ್ಟವೇ: ನೂರೈವತ್ತು ಪದಗಳಲ್ಲಿ ಆಸೆ ಹುಟ್ಟಿಸಬೇಕು, ಗುಟ್ಟು ಬಿಡಬಾರದು. ಕಥೆಯ ಮೊದಲ ಕಾಲುಭಾಗ ದಾಟಿದ ಯಾವುದನ್ನೂ ಹೇಳದಿದ್ದರೆ ಮುಗಿಯಿತು. ಆದರೆ ಮೊದಲ ಕಾಲುಭಾಗದಲ್ಲಿ ಒಂದೇ ಹೆಣ ಬಿದ್ದಿರುತ್ತದೆ, ಒಂದು ಹೆಣಕ್ಕೆ ಈಗ ಯಾರೂ ಜೇಬಿಗೆ ಕೈಹಾಕುವುದಿಲ್ಲ ಎಂಬ ಭಯ. ಹಾಗಾಗಿ ‘ಎರಡನೆಯ ಕೊಲೆ ನಡೆದಾಗ...’ ಎಂದು ಶುರುಮಾಡುತ್ತಾರೆ. ಆ ಎರಡನೆಯ ಕೊಲೆ ನಡೆಯುವುದು 180ನೇ ಪುಟದಲ್ಲಿ. ಅಲ್ಲಿಯವರೆಗೆ ಓದುಗ ಪ್ರತಿ ಪಾತ್ರವನ್ನೂ ‘ಇವನಿರಬಹುದೇ’ ಎಂದು ಅಳತೆಪಟ್ಟಿ ಹಿಡಿದ ಶವಪೆಟ್ಟಿಗೆಯವನ ಹಾಗೆ ನೋಡುತ್ತಿರುತ್ತಾನೆ.

ಕೊಲೆಗಾರ ಯಾರೆಂದು ಗೊತ್ತಿದ್ದೂ ಜನ ಅದೇ ಪತ್ತೇದಾರಿಯನ್ನು ಎರಡನೇ ಸಲ, ಮೂರನೇ ಸಲ ಯಾಕೆ ಓದುತ್ತಾರೆ ಎಂಬ ದೊಡ್ಡ ಪ್ರಶ್ನೆಯೊಂದಿದೆ. ಅದನ್ನು ಕೊನೆಗೆ ನೋಡೋಣ. ಸದ್ಯಕ್ಕೆ ಕೋಪ ಇನ್ನೂ ಬಿಸಿಯಾಗಿದೆ.

ಪತ್ತೇದಾರಿ ಲೇಖಕರನ್ನು ಕಟ್ಟಿಹಾಕಲು ನಿಯಮಗಳಿಗೇನು ಬರವಿರಲಿಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ, ತಾನೂ ಪತ್ತೇದಾರಿ ಬರೆಯುತ್ತಿದ್ದವನು, ಹತ್ತು ಕಟ್ಟಳೆ ಹಾಕಿದ. ದೆವ್ವ ಭೂತ ತರಬಾರದು, ಗುಪ್ತ ಕೋಣೆ ಒಂದಕ್ಕಿಂತ ಹೆಚ್ಚು ಇರಬಾರದು, ಪತ್ತೇದಾರನೇ ಅಪರಾಧಿಯಾಗಬಾರದು, ಓದುಗನನ್ನು ಮೊದಲೇ ಅಣಿಗೊಳಿಸದೆ ಅವಳಿಜವಳಿಗಳನ್ನು ನುಗ್ಗಿಸಬಾರದು. ಎಲ್ಲ ಸರಿ. ಹನ್ನೊಂದನೆಯದನ್ನು ಪ್ರಕಾಶಕರಿಗಾಗಿ ಬರೆಯುವುದನ್ನೇ ಮರೆತ.

ಪ್ರಕಾಶಕರಿಗೆ ಗುಟ್ಟು ಕಾಯುವುದು ಬರುವುದಿಲ್ಲ ಎಂದಲ್ಲ. ಅದೇ ಕಾಲದಲ್ಲಿ ಅಮೆರಿಕದ ಹಾರ್ಪರ್ ಸಂಸ್ಥೆ ಕಾದಂಬರಿಯ ಕೊನೆಯ ಭಾಗಕ್ಕೆ ತೆಳು ಕಾಗದದ ಪಟ್ಟಿ ಸುತ್ತಿ ಮುದ್ರೆ ಹಾಕಿ ಮಾರುತ್ತಿತ್ತು. ಅಲ್ಲಿಯವರೆಗೆ ಓದಿ, ಮುದ್ರೆ ಒಡೆಯದೆ ಹಿಂದಿರುಗಿಸುವ ಗಟ್ಟಿ ಮನಸ್ಸಿನವರಿಗೆ ಹಣ ವಾಪಸು. 1936ರಲ್ಲಿ ಬ್ರಿಟನ್ನಿನ ಕಾದಂಬರಿಕಾರ ಡೆನಿಸ್ ವೀಟ್ಲಿ ಮತ್ತು ಅವನ ಜೊತೆಗಾರ ಲಿಂಕ್ಸ್ ಇನ್ನೂ ಮುಂದೆ ಹೋಗಿ, ಕಾದಂಬರಿಯ ಬದಲು ಪೊಲೀಸ್ ಕಡತವನ್ನೇ ಪುಸ್ತಕವಾಗಿ ಹೊರತಂದರು. ತಂತಿ ಸಂದೇಶ, ಕಾಗದಪತ್ರ, ಫೋಟೊ, ಕೂದಲೆಳೆ, ಬೆಂಕಿಕಡ್ಡಿ, ಕಲೆಯಾದ ಪರದೆಯ ತುಂಡು ಎಲ್ಲವೂ ಒಳಗೆ. ಉತ್ತರ ಮಾತ್ರ ಮುದ್ರೆ ಹಾಕಿದ ಭಾಗದಲ್ಲಿ. ಈಗಿನವರಿಗೆ ಆ ತೆಳು ಕಾಗದದ ಪಟ್ಟಿಗೂ ಜಿಪುಣತನ. ಮುದ್ರೆ ಬೀಳುವುದು ಸಿನಿಮಾ ಡಿಸ್ಕಿನ ಡಬ್ಬಿಗೆ ಮಾತ್ರ. ಉಗುರು ಮುರಿಸುವ ಪಾರದರ್ಶಕ ಹಾಳೆ, ಅದರಡಿ ಅಂಚಿಗೆ ಅಂಟಿಸಿದ ಬಿಳಿ ಪಟ್ಟಿ. ಅದು ಕಾಯುವುದು ಸರಕನ್ನು, ಗುಟ್ಟನ್ನಲ್ಲ.

ಡಿಸ್ಕಿನ ಮಾತು ಬಂತಲ್ಲ, ಅದರ ಮುಂದೆ ಪುಸ್ತಕದ ಬೆನ್ನುಡಿ ಮೌನವ್ರತ ಹಿಡಿದ ಸಾಧು.

ಡಿಸ್ಕನ್ನು ಪ್ಲೇಯರಿಗೆ ಹಾಕುತ್ತೀರಿ. ಮೊದಲು ನಾಲ್ಕೈದು ಭಾಷೆಗಳಲ್ಲಿ ‘ನಕಲು ಮಾಡುವುದು ಅಪರಾಧ’ ಎಂಬ ಗದರಿಕೆ. ದುಡ್ಡು ಕೊಟ್ಟು ಕೊಂಡವನಿಗೇ ಗದರಿಕೆ. ಕದ್ದು ನೋಡುವವನಿಗೆ ಆ ಕಾಟವಿಲ್ಲ. ಮುಂದಕ್ಕೆ ಓಡಿಸಲು ರಿಮೋಟ್ ಒತ್ತಿದರೆ ಪರದೆಯ ಮೂಲೆಯಲ್ಲಿ ಅಡ್ಡಗೆರೆ ಎಳೆದ ಸೊನ್ನೆ ಮೂಡುತ್ತದೆ. ರಿಮೋಟ್ ಕೆಟ್ಟಿಲ್ಲ, ಬ್ಯಾಟರಿ ಬದಲಿಸಬೇಡಿ. ಈ ಭಾಗದಲ್ಲಿ ಯಾವ ಗುಂಡಿ ಕೆಲಸ ಮಾಡಬಾರದು ಎಂದು ಡಿಸ್ಕಿನಲ್ಲೇ ಬರೆದಿರುತ್ತಾರೆ. ಎಷ್ಟೋ ಡಿವಿಡಿ ಪ್ಲೇಯರುಗಳಲ್ಲಿ ಎರಡು ಸಲ ಸ್ಟಾಪ್, ಆಮೇಲೆ ಒಂದು ಸಲ ಪ್ಲೇ ಒತ್ತಿದರೆ ಇದನ್ನೆಲ್ಲ ಹಾರಿ ನೇರ ಚಿತ್ರಕ್ಕೆ ಹೋಗಬಹುದು. ಈ ಉಪಾಯವನ್ನು ಮರೆಯಬೇಡಿ. ಸಮಯ ಉಳಿಯುತ್ತದೆ ಎಂಬುದು ಸಣ್ಣ ಲಾಭ, ಮೆನು ತಪ್ಪುತ್ತದೆ ಎಂಬುದೇ ದೊಡ್ಡದು.

ಯಾಕೆಂದರೆ ನಿಜವಾದ ಚಾಡಿಕೋರ ಕೂತಿರುವುದು ಮೆನುವಿನಲ್ಲಿ. ಹಿನ್ನೆಲೆ ಸಂಗೀತದೊಂದಿಗೆ ಅರ್ಧ ನಿಮಿಷದ ತುಣುಕೊಂದು ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ. ಅದನ್ನು ಜೋಡಿಸುವವರು ಇಡೀ ಚಿತ್ರದಲ್ಲಿ ಕಣ್ಣಿಗೆ ಹೊಡೆಯುವ ದೃಶ್ಯಗಳನ್ನು ಹೆಕ್ಕುತ್ತಾರೆ. ಅಂಥವು ಎಲ್ಲಿರುತ್ತವೆ? ಕೊನೆಯ ಇಪ್ಪತ್ತು ನಿಮಿಷದಲ್ಲಿ. ಮಳೆಯಲ್ಲಿ ಓಟ, ಒಡೆಯುವ ಕನ್ನಡಿ, ಕೋಳ ಬೀಳುತ್ತಿರುವ ಒಂದು ಕೈ. ಮುಖ ತೋರಿಸಿಲ್ಲ, ಪಾಪ, ಅಷ್ಟು ಎಚ್ಚರ ವಹಿಸಿದ್ದಾರೆ. ಆದರೆ ಆ ಕೈಯ ನಡುಬೆರಳಲ್ಲಿ ನೀಲಿ ಕಲ್ಲಿನ ಉಂಗುರವಿದೆ. ನೀವು ಸಬ್‌ಟೈಟಲ್ ಭಾಷೆ ಹುಡುಕುತ್ತ ಕೂತಾಗ ಆ ಕೈ ಮೂರು ಸಲ ಬಂದುಹೋಗುತ್ತದೆ. ಚಿತ್ರ ಶುರುವಾಗಿ ಹನ್ನೆರಡನೇ ನಿಮಿಷಕ್ಕೆ, ವಿಧವೆಗೆ ಸಾಂತ್ವನ ಹೇಳುತ್ತ ಆಕೆಯ ಭುಜದ ಮೇಲೆ ಒಂದು ಕೈ ಬಂದು ಕೂರುತ್ತದೆ. ನೀಲಿ ಕಲ್ಲು. ಇನ್ನು ಎದ್ದು ಹೋಗಿ ಬೇರೆ ಕೆಲಸ ನೋಡಿಕೊಳ್ಳಬಹುದು.

ಅದೇ ಮೆನುವಿನಲ್ಲಿ ‘ದೃಶ್ಯಗಳ ಆಯ್ಕೆ’ ಎಂಬ ಇನ್ನೊಂದು ಬಾಗಿಲಿದೆ. ಡಿವಿಡಿಯಲ್ಲಿ ಒಂದು ಚಿತ್ರವನ್ನು 99 ಅಧ್ಯಾಯಗಳವರೆಗೆ ಸೀಳಬಹುದು; ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ಮಾಡುತ್ತಾರೆ. ಅಷ್ಟಕ್ಕೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆವು. ಒಂದೊಂದಕ್ಕೂ ನಾಮಕರಣ, ಒಂದೊಂದಕ್ಕೂ ಅಂಚೆಚೀಟಿ ಗಾತ್ರದ ಚಿತ್ರ. 23: ‘ವೈದ್ಯರ ತಪ್ಪೊಪ್ಪಿಗೆ’. ಚಿತ್ರದಲ್ಲಿ ವೈದ್ಯರು ಅಳುತ್ತಿದ್ದಾರೆ. ಕೆಲವು ಡಬ್ಬಿಗಳೊಳಗೆ ಈ ಪಟ್ಟಿಯನ್ನು ದಪ್ಪ ಕಾಗದದಲ್ಲಿ ಬೇರೆ ಅಚ್ಚುಹಾಕಿ ಇಟ್ಟಿರುತ್ತಾರೆ, ಮೆನುವಿನಿಂದ ಹೇಗೋ ತಪ್ಪಿಸಿಕೊಂಡವರನ್ನು ಹಿಡಿಯಲು. ರಾತ್ರಿ ಅರ್ಧ ನೋಡಿ ಮಲಗಿದವರು ಮರುದಿನ ಆ ಪಟ್ಟಿಗೆ ಹೋಗಬೇಡಿ. ಪ್ಲೇ ಒತ್ತಿ, ಮುಂದಿನ ಅಧ್ಯಾಯದ ಗುಂಡಿಯನ್ನು ಎಣಿಸಿ ಒತ್ತಿಕೊಂಡು ಹೋಗಿ. ಒಂದೆರಡು ದೃಶ್ಯ ಮತ್ತೆ ನೋಡಿದರೆ ನಷ್ಟವಿಲ್ಲ.

ಕಿವಿ ಮಂದವಿರುವವರಿಗಾಗಿ ಮಾಡಿದ ಸಬ್‌ಟೈಟಲ್‌ಗಳದ್ದು ಇನ್ನೊಂದು ಗೋಳು. ಯಾರು ಮಾತಾಡುತ್ತಿದ್ದಾರೆಂದು ಅದರಲ್ಲಿ ಹೆಸರು ಹಾಕುವ ಪದ್ಧತಿ. ಕತ್ತಲಲ್ಲಿ ಫೋನು ರಿಂಗಾಗುತ್ತದೆ, ಆ ಕಡೆಯಿಂದ ಗೊಗ್ಗರು ದನಿಯ ಬೆದರಿಕೆ. ಕಸುಬು ಬಲ್ಲವರು ‘ಗಂಡಸಿನ ದನಿ’ ಎಂದಷ್ಟೇ ಬರೆಯುತ್ತಾರೆ. ಗಡಿಬಿಡಿಯವರ ಕೈಗೆ ಸಿಕ್ಕರೆ ಪಾತ್ರದ ಹೆಸರೇ ಬಂದು ಕೂರುತ್ತದೆ. ಕಿವಿ ಕೇಳದವರಿಗೆ ಕುತೂಹಲವೂ ಇರುವುದಿಲ್ಲ ಎಂದು ಇವರಿಗೆ ಯಾರು ಹೇಳಿದರೋ. ಇದನ್ನು ಮಾತ್ರ ತಮಾಷೆ ಮಾಡಿ ಬಿಡಲು ಮನಸ್ಸು ಬರುವುದಿಲ್ಲ.

ಕಂತುಗಳಲ್ಲಿ ಬರುವ ಧಾರಾವಾಹಿಗಳಿಗೆ ‘ಹಿಂದಿನ ಸಂಚಿಕೆಗಳಲ್ಲಿ’ ಎಂಬ ಪೀಠಿಕೆ ಉಂಟು. ಒಂದನೇ ಕಂತಿನಲ್ಲಿ ಗೇಟು ತೆಗೆದು ಮಾಯವಾಗಿದ್ದ ಮಾಲಿಯನ್ನು ಆರನೇ ಕಂತಿನ ಪೀಠಿಕೆಯಲ್ಲಿ ಎರಡು ಸೆಕೆಂಡು ತೋರಿಸುತ್ತಾರೆ. ಮಧ್ಯೆ ನಾಲ್ಕು ಕಂತು ಅವನ ಸುದ್ದಿಯೇ ಇರಲಿಲ್ಲ. ಇವತ್ತು ಅವನ ಕಥೆ ಹೊರಬೀಳುತ್ತದೆ ಎಂದು ಹೇಳಲು ಪತ್ತೇದಾರನೇ ಆಗಬೇಕಿಲ್ಲ. ವಾರಕ್ಕೊಂದರಂತೆ ನೋಡುವವರಿಗೆ ಮಾಡಿದ ಪೀಠಿಕೆಯನ್ನು, ಒಂದೇ ಕೂತಿನಲ್ಲಿ ಇಡೀ ಪೆಟ್ಟಿಗೆ ನೋಡುವವರು ಹಾರಿಸಿಬಿಡುವುದು ಕ್ಷೇಮ.

ಬೇರೆ ದೇಶದ ಹೊಸ ಬಿಡುಗಡೆಗೆ ಆಸೆಪಡುವವರು ಡಬ್ಬಿಯ ಹಿಂಬದಿಯ ಭೂಗೋಳದ ಗುರುತು ನೋಡಬೇಕು, ಅದರ ಪಕ್ಕದ ಕಥಾಸಾರವನ್ನು ಮಾತ್ರ ಹೆಬ್ಬೆರಳಿಂದ ಮುಚ್ಚಿಕೊಂಡು. ಒಂದು ವಲಯದ ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ಓಡದಂತೆ, ಡಿವಿಡಿಗೆ ಜಗತ್ತನ್ನು ಆರು ವಲಯ ಮಾಡಿ ಹಂಚಿದ್ದಾರೆ. ಉದಾಹರಣೆಗೆ: ಅಮೆರಿಕ, ಕೆನಡಾ 1, ಬ್ರಿಟನ್, ಜಪಾನ್ 2, ಆಸ್ಟ್ರೇಲಿಯಾ 4, ಭಾರತ, ರಷ್ಯಾ 5. ಕಂಪ್ಯೂಟರಿನ ಡ್ರೈವಿನಲ್ಲಿ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು, ಐದನೆಯದಕ್ಕೆ ಅದು ಹಟ ಹಿಡಿದು ಕೂರುತ್ತದೆ. ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕಿಗೆ ಎ, ಬಿ, ಸಿ ಎಂಬ ಮೂರೇ ವಲಯ. ಅದಕ್ಕಿಂತಲೂ ಸ್ಪಷ್ಟವಾದ 4ಕೆ ಡಿಸ್ಕಿಗೆ ವಲಯದ ತಂಟೆಯಿಲ್ಲ. ಆದರೆ ಅದೇ ಡಬ್ಬಿಯಲ್ಲಿರುವ ಸಾಧಾರಣ ಬ್ಲೂ-ರೇಗೆ ಬೀಗವಿರಬಹುದು.

ಅವಧಿಯನ್ನೂ ನೋಡಿ. ಸೆಕೆಂಡಿಗೆ 24 ಚೌಕಟ್ಟಿನಂತೆ ತೆಗೆದ ಚಿತ್ರವನ್ನು ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ 25ರ ವೇಗಕ್ಕೆ ಓಡಿಸುತ್ತಾರೆ. 100 ನಿಮಿಷದ್ದು 96 ನಿಮಿಷವಾಗುತ್ತದೆ, ಎಲ್ಲರ ದನಿಯೂ ಒಂದು ಚೂರು ಏರುತ್ತದೆ, ಕೊಲೆಗಾರ ನಾಲ್ಕು ನಿಮಿಷ ಮೊದಲೇ ಸಿಕ್ಕಿಬೀಳುತ್ತಾನೆ. ಇಷ್ಟಕ್ಕೆ ‘ಕತ್ತರಿಸಿದ್ದಾರೆ’ ಎಂದು ಕೂಗಾಡಬೇಕಿಲ್ಲ. ಎಂಟು ಹತ್ತು ನಿಮಿಷ ಕಡಿಮೆ ಕಂಡರೆ ಅನುಮಾನಪಡಿ: ಟಿವಿಯ ವೇಳೆಗೆ ಹೊಂದಿಸಲು ಕತ್ತರಿಸಿದ ಪ್ರತಿಯಿರಬಹುದು, ಇಲ್ಲವೇ ಹಾಡಿನ ಹಕ್ಕು ಸಿಗದೆ ಆ ದೃಶ್ಯವೇ ಹೋಗಿರಬಹುದು.

ಪುಸ್ತಕದಲ್ಲೂ ಇಂಥ ಮೋಸ ಇಲ್ಲದಿಲ್ಲ. ಹೊಸ ಹೆಸರು, ಹೊಸ ಮುಖಪುಟ, ಒಳಗೆ ಓದಿದ ಕಥೆಯೇ. ಅಗಾಥಾ ಕ್ರಿಸ್ಟಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ 1934ರಲ್ಲಿ ಅಮೆರಿಕದಲ್ಲಿ ಬಂದದ್ದು ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’ ಎಂಬ ಹೆಸರಿನಲ್ಲಿ. ಕೊಳ್ಳುವ ಮೊದಲು ಹಕ್ಕುಸ್ವಾಮ್ಯದ ಪುಟ ತೆಗೆದು ‘ಮೊದಲು ಈ ಹೆಸರಿನಲ್ಲಿ ಪ್ರಕಟವಾಗಿತ್ತು’ ಎಂಬ ಸಣ್ಣಕ್ಷರದ ಸಾಲನ್ನು ಹುಡುಕಿ. ಹಾಗೆಯೇ ಕೊನೆಯ ಪುಟಗಳ ದಪ್ಪವನ್ನೂ ನಂಬಬೇಡಿ. ಬಲಗೈಯಲ್ಲಿ ಇನ್ನೂ ಇಪ್ಪತ್ತು ಪುಟ ಉಳಿದಿದೆ, ಹಾಗಾದರೆ ಈಗ ಸಿಕ್ಕವನು ಅಸಲಿಯಲ್ಲ ಎಂದು ಬುದ್ಧಿವಂತ ಓದುಗ ತೀರ್ಮಾನಿಸುತ್ತಾನೆ. ಹಾಳೆ ತಿರುವಿದರೆ ಕಥೆ ಮುಗಿದಿದೆ. ಪುಸ್ತಕ ಮಡಿಕೆ ಮಡಿಕೆಯಾಗಿ, ಹದಿನಾರೋ ಮೂವತ್ತೆರಡೋ ಪುಟದ ಕಟ್ಟುಗಳಲ್ಲಿ ತಯಾರಾಗುವುದರಿಂದ ಕೊನೆಗೆ ಪುಟಗಳು ಮಿಗುತ್ತವೆ. ಮಿಕ್ಕ ಜಾಗಕ್ಕೆ ಮುಂದಿನ ಕಾದಂಬರಿಯ ಮೊದಲ ಅಧ್ಯಾಯ. ಅದರ ಮೊದಲ ಸಾಲಿನಲ್ಲೇ, ಈ ಪುಸ್ತಕದ ಕೊನೆಯಲ್ಲಿ ಬಂಡೆಯ ಮೇಲಿಂದ ಬಿದ್ದ ಇನ್‌ಸ್ಪೆಕ್ಟರ್ ಆರಾಮಾಗಿ ಶೂ ಲೇಸು ಕಟ್ಟಿಕೊಳ್ಳುತ್ತಿರುತ್ತಾನೆ.

ಇಷ್ಟೆಲ್ಲ ದಾಟಿ, ಏನೂ ತಿಳಿಯದೆ, ಶುದ್ಧ ಮನಸ್ಸಿನಿಂದ ಕೊನೆಯ ದೃಶ್ಯದವರೆಗೆ ಬಂದವರು ಪುಣ್ಯವಂತರು. ಎಲ್ಲರೂ ಹಜಾರದಲ್ಲಿ ಸೇರಿದ್ದಾರೆ. ಪತ್ತೇದಾರ ಬೆರಳೆತ್ತಿ ‘ಕೊಲೆ ಮಾಡಿದವರು...’ ಎನ್ನುತ್ತಾನೆ. ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ.

ಡಿಸ್ಕನ್ನು ಬೈಯಬೇಡಿ. ಅದರ ಮಾಹಿತಿಯ ಸುರುಳಿ ಶುರುವಾಗುವುದು ನಡುವಿನ ತೂತಿನ ಹತ್ತಿರ, ಹೊರಳುತ್ತ ಹೋಗುವುದು ಅಂಚಿನ ಕಡೆಗೆ. ಹಾಗಾಗಿ ಒಂದೇ ಪದರದ ಡಿಸ್ಕು ಭರ್ತಿಯಾಗಿದ್ದರೆ ಕಥೆಯ ಕೊನೆ ಕೂರುವುದು ಹೊರ ಅಂಚಿನಲ್ಲಿ, ಅಂದರೆ ನಾವು ಹಿಡಿಯುವ ಜಾಗದಲ್ಲಿ. ಎರಡು ಪದರದ್ದಾದರೆ ಎರಡನೆಯ ಪದರ ಅಂಚಿನಿಂದ ಒಳಕ್ಕೆ ಬರುವುದರಿಂದ ಕಥೆಯ ನಡುವೆಲ್ಲೋ ತೊದಲುತ್ತದೆ. ಮೆತ್ತಗಿನ, ನೂಲು ಬಿಡದ ಬಟ್ಟೆ ತೆಗೆದುಕೊಂಡು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದುಂಡಗೆ ಉಜ್ಜಬೇಡಿ, ಸುರುಳಿಯ ಜಾಡಿನಗುಂಟ ಗೀರು ಬಿದ್ದರೆ ಒಂದೇ ಕಡೆ ಬಹಳಷ್ಟು ಮಾಹಿತಿ ಹೋಗಿ, ಪ್ಲೇಯರಿಗೆ ಸರಿಪಡಿಸಿಕೊಳ್ಳಲು ಆಗುವುದಿಲ್ಲ. ಡಬ್ಬಿಯಿಂದ ತೆಗೆಯುವಾಗಲೂ ನಡುವಿನ ಗುಂಡಿ ಒತ್ತಿ ಸಡಿಲಿಸಿ, ಅಂಚು ಹಿಡಿದು ಜಗ್ಗಿದರೆ ತೂತಿನ ಸುತ್ತ ಬಿರುಕು ಬಿಡುತ್ತದೆ.

ಎರಡನೇ ಸಲ ಯಾಕೆ ಓದುತ್ತೇವೆ ಎಂಬ ಪ್ರಶ್ನೆ ಹಾಗೇ ಉಳಿಯಿತು. ಇರಲಿ, ಮೊದಲನೆಯ ಸಲವೇ ಇನ್ನೂ ಮುಗಿದಿಲ್ಲ. ಡಿಸ್ಕನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಅಂಚಿನಲ್ಲಿ, ಕೊಲೆಗಾರನ ಹೆಸರಿರುವ ಜಾಗದಲ್ಲೇ, ಒಂದು ಬೆರಳಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅದು ಯಾರದ್ದೆಂದು ಪತ್ತೆಹಚ್ಚಲು ಯಾವ ಇನ್‌ಸ್ಪೆಕ್ಟರೂ ಬೇಕಾಗಿಲ್ಲ.