ಗ್ಯಾಸಿನ ಗುಳಿಗೆ ತಿಂದು ಸ್ಟೆಮ್ ಸೆಲ್ ಕನಸು ಕಾಣುವವರಿಗೆ

ಇವತ್ತು ಸಂಜೆ ಅಂಗಡಿಯಲ್ಲಿ ನನ್ನ ಬಾಯಿ ಸ್ವಲ್ಪ ಜೋರಾಯ್ತು. ಪಕ್ಕದ ಬೇಕರಿಯವ ಎದ್ದು ಬಂದು "ಎಂತ ಆಯ್ತು ಹೆಗಡೇರೆ, ಜಗಳವಾ?" ಅಂತ ಕೇಳಿಹೋದ. ಜಗಳ ಅಲ್ಲ ಮಾರಾಯ, ಹೊಟ್ಟೆ ಉರಿ.

ಬಂದವರು ಪರಿಚಯದವರೇ. ಹೆಸರು, ಊರು ಬೇಡ. ಕೌಂಟರಿಗೆ ಬಂದವರು ಚೀಟಿ ತೆಗೆಯುವ ಮೊದಲು ಮೊಬೈಲ್ ತೆಗೆದರು. "ಇದು ನೋಡಿದ್ರಾ? ಜಪಾನಲ್ಲಿ ಪಾರ್ಕಿನ್ಸನ್ನಿಗೆ ಸ್ಟೆಮ್ ಸೆಲ್ ಹಾಕ್ತಾರಂತೆ. ಅಮ್ಮನಿಗೆ ಆಗೂದಾ? ಎಷ್ಟು ಲಕ್ಷ ಬೀಳಬಹುದು?" ಹಿನ್ನೆಲೆಯಲ್ಲಿ ಪಿಟೀಲು, ಮುಂದೆ ಮೆದುಳಿನ ನೀಲಿ ಚಿತ್ರ. ಪೂರ್ತಿ ನೋಡಿದೆ. (ಪಾರ್ಕಿನ್ಸನ್ ಅಂದರೆ ಕೈಕಾಲು ನಡುಗಿ ಬಿಗಿಯುವ ಕಾಯಿಲೆ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ.) ಆಮೇಲೆ ಚೀಟಿ ಬಂತು. ಪಾರ್ಕಿನ್ಸನ್ನಿನ ಮದ್ದು ಲೆವೊಡೋಪಾ-ಕಾರ್ಬಿಡೋಪಾ, ದಿನಕ್ಕೆ ಮೂರು. ಅದರ ಕೆಳಗೇ, ಅದೇ ಪೆನ್ನಿನಲ್ಲಿ, ಗ್ಯಾಸಿನ ಕ್ಯಾಪ್ಸೂಲ್, ಬೆಳಿಗ್ಗೆ ಒಂದು. "ಅದು ಹಳೇದು, ಮೂರ್ನಾಲ್ಕು ವರ್ಷದಿಂದ ತಗೊಳ್ತಾ ಇದ್ದಾರೆ. ಅದಿಲ್ದಿದ್ರೆ ಅಮ್ಮನಿಗೆ ಊಟವೇ ಸೇರೂದಿಲ್ಲ."

ಆ ಕ್ಯಾಪ್ಸೂಲಿನ ಸ್ಟ್ರಿಪ್ ತಿರುಗಿಸಿ ನೋಡಿದ್ದೀರಾ ಯಾರಾದ್ರೂ? ಎದುರಿಗೆ ಕಂಪನಿ ಇಟ್ಟ ಹೆಸರು ದಪ್ಪಕ್ಷರದಲ್ಲಿ. ಹಿಂದೆ, ಬೆಳ್ಳಿ ಹಾಳೆಯ ಮೇಲೆ, ಹೊಳಪಿಗೆ ಓರೆ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ ಎರಡು ಮದ್ದಿನ ಹೆಸರು. ಒಂದು ಆಸಿಡ್ ಕಡಿಮೆ ಮಾಡುವ ರಾಬಿಪ್ರಜೋಲ್. ಇನ್ನೊಂದು ಲೆವೋಸಲ್ಪಿರೈಡ್, 75 ಮಿಲಿಗ್ರಾಂ. ನಾನು ಕನ್ನಡಕ ಹಾಕಿಕೊಂಡೂ ಮೊಬೈಲಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿ ತೋರಿಸಬೇಕಾಯ್ತು. ಈ ಎರಡನೇಯವನೇ ಇವತ್ತಿನ ಕಥಾನಾಯಕ.

ನಮ್ಮ ಕೈಕಾಲು ಹೇಳಿದ ಹಾಗೆ ಕೇಳಬೇಕಾದರೆ ಮೆದುಳಿನಲ್ಲಿ ಡೋಪಮಿನ್ ಅನ್ನುವ ರಸಾಯನ ಓಡಾಡ್ತಿರಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ಸಾಯ್ತಾ ಹೋಗ್ತವೆ. ಲೆವೋಸಲ್ಪಿರೈಡ್ ಕೋಶಗಳನ್ನು ಕೊಲ್ಲುವುದಿಲ್ಲ, ಡೋಪಮಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರ್ತದೆ. ತೋಟದವರಿಗೆ ಹೇಳೂದಾದ್ರೆ, ಹೊಂಡದಲ್ಲಿ ನೀರಿದೆ, ಪಂಪೂ ಓಡ್ತಾ ಇದೆ, ಪೈಪಿನ ಬಾಯಿಗೆ ಬಿರಡೆ ಜಡಿದಾಗಿದೆ. ಹೊರಗೆ ಕಾಣುವುದು ಮಾತ್ರ ಎರಡರಲ್ಲೂ ಒಂದೇ: ನಡುಕ, ಬಿಗಿತ, ನಿಧಾನ. ಔಷಧದಿಂದ ಬರುವ ಪಾರ್ಕಿನ್ಸನಿಸಂ ಅಂತಲೇ ಇದನ್ನು ಕರೀತಾರೆ. ಪಾರ್ಕಿನ್ಸನ್ ಕಾಯಿಲೆ ಬಿಟ್ಟರೆ ಇಂಥ ಲಕ್ಷಣಗಳಿಗೆ ಅತಿ ಸಾಮಾನ್ಯ ಕಾರಣ ಇದೇ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನಾರಿಜಿನ್, ಮಾನಸಿಕ ಕಾಯಿಲೆಯ ಹಲವು ಗುಳಿಗೆ, ಎಲ್ಲ ಇದೇ ಕುಟುಂಬದ ನೆಂಟರು. ನಾಲ್ಕು ದಿನಕ್ಕೆ ಅಂತ ಬರೆದ ತಲೆಸುತ್ತಿನ ಗುಳಿಗೆ ನಾಲ್ಕು ವರ್ಷ ನಡೆಯೋದು ನಮ್ಮ ಕಡೆ ಮಾಮೂಲು.

ಆ ಅಮ್ಮ ಹೊರಗೆ ರಿಕ್ಷಾದಲ್ಲೇ ಕೂತಿದ್ದರು. ಮಾತಾಡಿಸಲಿಕ್ಕೆ ಹೋದೆ. ಎರಡೂ ಕೈ ತೊಡೆಯ ಮೇಲೆ, ಎರಡೂ ಒಂದೇ ಸಮ ನಡುಗ್ತಾ ಇದ್ದವು. ಕೆಳತುಟಿ ತನ್ನಷ್ಟಕ್ಕೆ ಅಲುಗುತ್ತಿತ್ತು. ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು "ಆರಾಮಾ?" ಅಂದರು, ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ನಿಜವಾದ ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದೇ ಕಡೆಯಿಂದ ಶುರುವಾಗ್ತದೆ. ಮದ್ದಿನಿಂದ ಬಂದದ್ದು ಹೆಚ್ಚಾಗಿ ಎರಡೂ ಕಡೆ ಒಟ್ಟಿಗೆ. ಇದರ ಮೇಲೆ ತೀರ್ಪು ಕೊಡಲಿಕ್ಕೆ ನಾನು ಡಾಕ್ಟರಲ್ಲ, ಕುಮಟೆಯಲ್ಲಿ ಗುಳಿಗೆ ಮಾರುವವ. ಆದರೆ ಒಂದೇ ಚೀಟಿಯಲ್ಲಿ ಡೋಪಮಿನ್ ಏರಿಸುವ ಮದ್ದು, ಅದರ ಕೆಳಗೇ ಡೋಪಮಿನ್ನಿಗೆ ಅಡ್ಡ ಕೂರುವ ಮದ್ದು ಇದ್ದರೆ ಗುಳಿಗೆ ಮಾರುವವನಿಗೂ ಕಣ್ಣು ಕಾಣ್ತದೆ. ಬರೆದವರಿಗೆ ಕಾಣಲಿಲ್ಲ. ಅವರ ಹೆಸರೂ ಬೇಡ.

"ಮೊದಲು ಗ್ಯಾಸಿನದ್ದರ ಬಗ್ಗೆ ಡಾಕ್ಟರ್ ಹತ್ರ ಕೇಳ್ಕೊಂಡು ಬನ್ನಿ, ಅಲ್ಲಿವರೆಗೆ ಇದನ್ನು ಕೊಡೂದಿಲ್ಲ" ಅಂದೆ. ಅವರಿಗೆ ಸಿಟ್ಟು ಬಂತು. "ಡಾಕ್ಟರ್ ಬರೆದದ್ದಕ್ಕೆ ನೀವು ಬ್ಯಾಡ ಅಂಬೂದಾ?" ಆಗಲೇ ನನ್ನ ಬಾಯಿ ಜೋರಾದದ್ದು. ಅವರು ಎದುರಿನ ಅಂಗಡಿಗೆ ಹೋದರು. ಅಲ್ಲಿ ಕೇಳಿದಷ್ಟು ಸಿಗ್ತದೆ, ನಗುವೂ ಉಚಿತ.

ಈಗ ಆ ವಿಡಿಯೊ ವಿಚಾರ. ಅದು ಸುಳ್ಳಲ್ಲ. 2025ರ ಏಪ್ರಿಲ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡು ಪ್ರಯೋಗದ ವರದಿ ಒಟ್ಟಿಗೆ ಬಂದವು. ಕ್ಯೋಟೋದಲ್ಲಿ 7 ಜನರಿಗೆ, ಅಮೆರಿಕ-ಕೆನಡಾದಲ್ಲಿ 12 ಜನರಿಗೆ, ಸ್ಟೆಮ್ ಸೆಲ್‌ನಿಂದ ಬೆಳೆಸಿದ ಡೋಪಮಿನ್ ಕೋಶಗಳನ್ನು ಮೆದುಳಿಗೆ ನೆಟ್ಟರು. ಕೋಶಗಳು ಬದುಕಿದವು, ಡೋಪಮಿನ್ ತಯಾರಿಸಿದವು, ಗಡ್ಡೆ ಬೆಳೆಯಲಿಲ್ಲ. ಓದಿದ ದಿನ ನನಗೂ ಮೈ ಜುಮ್ಮೆಂದಿತ್ತು. ಆದರೆ ಲೆಕ್ಕ ನೋಡಿ, ಒಟ್ಟು ಹತ್ತೊಂಬತ್ತು ಜನ. ಮುಖ್ಯವಾಗಿ ಅಪಾಯ ಇದೆಯೋ ಇಲ್ಲವೋ ಅಂತ ನೋಡಲಿಕ್ಕೆ ಮಾಡಿದ ಪ್ರಯೋಗ. ಇನ್ನು, ಬಾಯಿಗೆ ಬಿರಡೆ ಜಡಿದವರಿಗೆ ಹೊಸ ಪಂಪು ಕೂರಿಸಿ ಎಂತ ಪ್ರಯೋಜನ ಹೇಳಿ.

ಇಡೀ ಡೋಪಮಿನ್ ಕಥೆ ಶುರುವಾದದ್ದೇ ಮದ್ದಿನಿಂದ ಬಂದ ಮರಗಟ್ಟುವಿಕೆಯಿಂದ ಅನ್ನೋದು ಎಷ್ಟು ಜನರಿಗೆ ಗೊತ್ತು? ಸರ್ಪಗಂಧದ ಬೇರು ನಮ್ಮ ಘಟ್ಟದವರಿಗೆ ಹೊಸದಲ್ಲ. ಅದರಿಂದ 1952ರಲ್ಲಿ ರೆಸರ್ಪಿನ್ ಬೇರ್ಪಡಿಸಿದರು, ಬಿಪಿಗೆ ಕೊಟ್ಟರು. ಕೆಲವರು ಥೇಟ್ ಪಾರ್ಕಿನ್ಸನ್ ಬಂದವರ ಹಾಗೆ ಆದರು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರೆ ಅವು ಕೂತಲ್ಲೇ ಕೂತವು. ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟ ಮೇಲೆ ಎದ್ದು ಓಡಾಡಿದವು. ಅಲ್ಲಿಂದ ಅದೇ ಎಲ್-ಡೋಪಾ ಲೆವೊಡೋಪಾ ಅನ್ನುವ ಮದ್ದಾಗಿ ಬಂತು, 2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಬಂತು. ಆ ಎಲ್-ಡೋಪಾವೋ, ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿ ತುಂಬಿಕೊಂಡಿದೆ. 1937ರಲ್ಲೇ ಭಾರತದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದ್ದರು. (ಹಾಗಂತ ಕಮೆಂಟಿನಲ್ಲಿ ನಸುಗುನ್ನಿ ಪುಡಿಯ ಅಂಗಡಿ ತೆರೀಬೇಡಿ. ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ ಅಂತ ಹೇಳಲಿಕ್ಕೆ ನಿಮಗೂ ಬರೂದಿಲ್ಲ, ಮಾರುವವನಿಗೂ ಬರೂದಿಲ್ಲ.) ಯಾವ ಗುಳಿಗೆ ತಿಂದರೆ ಮನುಷ್ಯ ಮರಗಟ್ಟುತ್ತಾನೆ ಅನ್ನೋದು ಅರವತ್ತು ವರ್ಷಕ್ಕೂ ಹಳೆಯ ಜ್ಞಾನ. 2026ರಲ್ಲಿ ನಾವು ಅದನ್ನೇ ಊಟಕ್ಕೆ ಮುಂಚೆ ನುಂಗಿ ಜಪಾನಿನ ಟಿಕೆಟ್ ದರ ಕೇಳ್ತಾ ಇದ್ದೇವೆ.

"ಹಾಗಾದ್ರೆ ಹೊಸ ಸಂಶೋಧನೆ ಎಲ್ಲ ಸುಮ್ಮನೆಯಾ?" ಅಂತ ನನ್ನ ಭಾವ ಫೋನಲ್ಲಿ ಕೇಳಿದ. ಯಾರು ಹೇಳಿದ್ದು? 2025ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಹೊಸ ಡಿಬಿಎಸ್ (ಮೆದುಳಿನೊಳಗೆ ತಂತಿ ಇಟ್ಟು ಕರೆಂಟು ಕೊಡುವ ಚಿಕಿತ್ಸೆ), ಮೆದುಳಿನ ಸಂಕೇತವನ್ನು ತಾನೇ ಓದಿ ಕರೆಂಟನ್ನು ಹೆಚ್ಚುಕಡಿಮೆ ಮಾಡ್ತದೆ. ಬುರುಡೆ ಕೊರೆಯದೆ ಅಲ್ಟ್ರಾಸೌಂಡ್ ಅಲೆಗಳಿಂದಲೇ ನಡುಕ ನಿಲ್ಲಿಸುವ ಚಿಕಿತ್ಸೆ ಇದೆ. ಗೆದ್ದದ್ದನ್ನು ಮಾತ್ರ ಫಾರ್ವರ್ಡ್ ಮಾಡ್ತೀರಿ, ಸೋತದ್ದನ್ನೂ ಓದಿ: ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ ಪಾರ್ಕಿನ್ಸನ್ ತಡೀತದೆ ಅಂತ ದೊಡ್ಡ ಆಸೆ ಇತ್ತು, 96 ವಾರದ ಪ್ರಯೋಗದಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ನನ್ನ ಮಟ್ಟಿಗೆ ದೊಡ್ಡ ಸುದ್ದಿ, ವಿಡಿಯೊ ಮಾಡಲಿಕ್ಕೆ ಚಂದ ಇಲ್ಲದ್ದು. ಆಲ್ಫಾ-ಸಿನ್ಯೂಕ್ಲಿನ್ ಅನ್ನುವ ಪ್ರೋಟೀನು ತಪ್ಪಾಗಿ ಮಡಚಿಕೊಂಡು ಗಂಟು ಕಟ್ಟುವುದು ಈ ಕಾಯಿಲೆಯ ಬುಡ. ಬೆನ್ನುಹುರಿ ನೀರಿನಲ್ಲಿ ಆ ಪ್ರೋಟೀನನ್ನು ಹಿಡಿಯುವ ಪರೀಕ್ಷೆಯ ದೊಡ್ಡ ಅಧ್ಯಯನ 2023ರಲ್ಲಿ ಬಂತು. ಡೋಪಮಿನ್ ಕೋಶ ಉಳಿದಿದೆಯೋ ಇಲ್ಲವೋ ತೋರಿಸುವ ಟ್ರೋಡ್ಯಾಟ್ ಸ್ಕ್ಯಾನ್ ನಮ್ಮ ದೇಶದಲ್ಲೇ ಮಾಡ್ತಾರೆ. ಮದ್ದಿನಿಂದಷ್ಟೇ ಬಂದ ನಡುಕವಾದರೆ ಆ ಸ್ಕ್ಯಾನ್ ಸಾಮಾನ್ಯವಾಗಿ ಸರಿಯಾಗೇ ಬರ್ತದೆ. ಅಂದರೆ ವಿಜ್ಞಾನ ಮುಂದೆ ಹೋದಷ್ಟೂ ಕೇಳ್ತಾ ಇರೋದು ಇದನ್ನೇ, ಇದು ನಿಜವಾದ ಪಾರ್ಕಿನ್ಸನ್ ಹೌದಾ ಅಲ್ದಾ.

ಭಾವನ ಮುಂದಿನ ಮಾತು: "ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಯೇ ಇಲ್ಲ, ಜನ ಎಂತ ಮಾಡ್ಬೇಕು?" ಒಪ್ಪಿದೆ ಮಾರಾಯ. 2022ರ ಜುಲೈಯಲ್ಲಿ ದೊಡ್ಡ ಆಸ್ಪತ್ರೆಗೆ ಅಂತ ರೋಗಿಯನ್ನು ಕರೆದುಕೊಂಡು ಹೊನ್ನಾವರದಿಂದ ಹೊರಟ ಆಂಬುಲೆನ್ಸು ಶಿರೂರು ಟೋಲಿನಲ್ಲಿ ಮಗುಚಿದ್ದನ್ನು ಯಾರು ಮರೀತಾರೆ? ಆಗ ಆಸ್ಪತ್ರೆ ಬೇಕು ಅಂತ ನಾನೂ ಇದೇ ಗೋಡೆಯ ಮೇಲೆ ಕೂಗಿದ್ದೆ. ನರರೋಗಕ್ಕೆ ಇವತ್ತಿಗೂ ಮಣಿಪಾಲ, ಮಂಗಳೂರು, ಇಲ್ಲಾ ದೇವಿಮನೆ ಘಟ್ಟ ಹತ್ತಿ ಶಿರಸಿ ದಾಟಿ ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. ಆದರೆ ಗ್ಯಾಸಿನ ಗುಳಿಗೆಯ ಸ್ಟ್ರಿಪ್ ತಿರುಗಿಸಿ ನೋಡಲಿಕ್ಕೆ ಯಾವ ಘಟ್ಟವನ್ನೂ ಹತ್ತಬೇಕಾಗಿಲ್ಲ. ಸೂಪರ್ ಸ್ಪೆಷಾಲಿಟಿ ಬಂದ ದಿನವೂ ಈ ಕ್ಯಾಪ್ಸೂಲ್ ಸಂಚಿಯೊಳಗೇ ಇರ್ತದೆ.

ಇಷ್ಟು ಸಿಟ್ಟು ಯಾಕೆ ಅಂದರೆ, ನನ್ನ ಅಪ್ಪನಿಗೂ ಇಂಥದ್ದೇ ನಡುಕ ಇತ್ತು. ಅವರದ್ದು ನಿಜವಾದ ಪಾರ್ಕಿನ್ಸನ್. ನಡುಕ ಬರುವ ಎಷ್ಟೋ ವರ್ಷ ಮೊದಲೇ ನಿದ್ದೆಯಲ್ಲಿ ಕೂಗಿ ಒದೀತಿದ್ದರು. ಆಯಿ ಹಾಸಿಗೆ ಎತ್ತಿಕೊಂಡು ಬೇರೆ ಕೋಣೆಗೆ ಹೋದಳು, ನಾವೆಲ್ಲ ನಕ್ಕೆವು. ಸಾರಿನ ಒಗ್ಗರಣೆ ವಾಸನೆ ಗೊತ್ತಾಗ್ತಿರಲಿಲ್ಲ. ಅಡಿಕೆ ಲೆಕ್ಕದ ಪುಸ್ತಕದಲ್ಲಿ ಅಕ್ಷರ ಪುಟದಿಂದ ಪುಟಕ್ಕೆ ಸಣ್ಣದಾಗ್ತಾ ಹೋಯ್ತು. ಇವೆಲ್ಲ ಕಾಯಿಲೆಯ ಮುನ್ಸೂಚನೆ ಆಗಿರಬಹುದು ಅಂತ ಈಗ ಪುಸ್ತಕದಲ್ಲೇ ಬರೀತಾರೆ. ಯಾರ ಹತ್ತಿರವೂ ಹೇಳದ ಮಾತು: ನಾನು ಬೆಳಿಗ್ಗೆ ಕಾಫಿಪುಡಿ ಡಬ್ಬಿ ತೆಗೆದು ಮೊದಲು ಮೂಗಿಗೆ ಹಿಡೀತೇನೆ. ಹೆಂಡತಿಗೆ ಇದು ಕಾಫಿ ಹುಚ್ಚು ಅಂತ ಕಾಣ್ತದೆ. ಅಪ್ಪನಿಗೆ ಬಿಡಿಸಿಕೊಳ್ಳಲಿಕ್ಕೆ ದಾರಿ ಇರಲಿಲ್ಲ. ಆ ರಿಕ್ಷಾದ ಅಮ್ಮನಿಗೆ ಒಂದು ಕ್ಯಾಪ್ಸೂಲ್ ನಿಲ್ಲಿಸಿದರೆ ಕೆಲವು ವಾರದಲ್ಲೋ ತಿಂಗಳಲ್ಲೋ ಕೈ ಹಗುರಾಗುವ ಸಾಧ್ಯತೆ ಇರಬಹುದು. ಎಲ್ಲರಿಗೂ ಹಾಗಾಗೂದಿಲ್ಲ, ಒಳಗೇ ಅಡಗಿದ್ದ ನಿಜವಾದ ಕಾಯಿಲೆ ಕೆಲವರಲ್ಲಿ ಇದರಿಂದ ಹೊರಗೆ ಬೀಳ್ತದೆ. ಆದರೂ ನಿಲ್ಲಿಸಿ ನೋಡಬಹುದಾ ಅಂತ ಡಾಕ್ಟರನ್ನು ಕೇಳಲಿಕ್ಕೆ ಎಂತ ಧಾಡಿ?

ಓದಿದ್ದೇ ತಡ ಇವತ್ತು ರಾತ್ರಿಯೇ ಮನೆಯ ಗುಳಿಗೆ ಎಲ್ಲ ತಿಪ್ಪೆಗೆ ಎಸೀಬೇಡಿ. ಲೆವೊಡೋಪಾವನ್ನಂತೂ ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅಪ್ಪ-ಅಮ್ಮ ತಿನ್ನುವ ಅಷ್ಟೂ ಸ್ಟ್ರಿಪ್ ಒಂದು ಚೀಲಕ್ಕೆ ಹಾಕಿ, ಗ್ಯಾಸಿನದ್ದು, ತಲೆಸುತ್ತಿನದ್ದು, ನಿದ್ದೆಯದ್ದು ಬಿಡದೆ, ಬರೆದ ಡಾಕ್ಟರ ಮೇಜಿನ ಮೇಲೆ ಸುರಿದು ಕೇಳಿ. ಹಿಂಬದಿಯ ಅಕ್ಷರ ಕಾಣದಿದ್ದರೆ ನನ್ನ ಅಂಗಡಿಗೆ ತನ್ನಿ, ಓದಿ ಹೇಳ್ತೇನೆ, ಎಲ್ಲಿ ಕೊಂಡದ್ದಾದರೂ ಅಡ್ಡಿಲ್ಲ. ಒಂದೂವರೆಯಿಂದ ನಾಲ್ಕರ ತನಕ ಮಾತ್ರ ಬರಬೇಡಿ, ಆಗ ಶಟರ್ ಎಳೆದು ಮಲಗಿರ್ತೇನೆ, ಎಬ್ಬಿಸಿದರೆ ಇವತ್ತಿನಕ್ಕಿಂತ ಜೋರು ಬೈಗುಳ ಬೀಳ್ತದೆ.