ಸತ್ಯಾಂಶ: ಮಂಗಳಮುಖಿಯರು ಮುಟ್ಟಿದರೆ ಎಚ್‌ಐವಿ ಬರುತ್ತದೆಯೇ?

‘ಮಂಗಳಮುಖಿಯರು ತಲೆ ಮುಟ್ಟಿ ಹರಸಿದರೆ, ಅವರ ಜೊತೆ ಉಂಡರೆ ಎಚ್‌ಐವಿ ಬರುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಸುಳ್ಳು. ವೈರಸ್ ಹರಡುವುದು ರಕ್ತ, ವೀರ್ಯ, ಯೋನಿ ಮತ್ತು ಗುದದ ಸ್ರಾವ, ಎದೆಹಾಲಿನಿಂದ; ಬೆವರು, ಎಂಜಲಿನಿಂದಲ್ಲ.

ಇಂಥ ಸುಳ್ಳು ಮಾಡುವ ಹಾನಿ ದೊಡ್ಡದು. ಆಸ್ಪತ್ರೆಯಲ್ಲಿ ಗಂಡಸರ ಸಾಲೋ ಹೆಂಗಸರ ಸಾಲೋ ಎಂಬ ಗೊಂದಲ, ತಾವು ಬಿಟ್ಟ ಹಳೆಯ ಹೆಸರನ್ನು ಎಲ್ಲರೆದುರು ಕೂಗುವುದು, ಬಾಡಿಗೆ ಮನೆ ಖಾಲಿ ಮಾಡಿಸುತ್ತಾರೆಂಬ ಭಯ: ಇಂಥ ಸುಳ್ಳಿನ ಜೊತೆಗೆ ಇವುಗಳಿಂದಲೂ ಎಷ್ಟೋ ಮಂಗಳಮುಖಿಯರು ಪರೀಕ್ಷೆಗೂ ಹೋಗುವುದಿಲ್ಲ, ಅವರಿಗೆ ಸರಿಯಾದ ಮಾಹಿತಿಯೂ ಸಿಗುವುದಿಲ್ಲ.

ಹಾಸನದ ಜಿಲ್ಲಾಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ ಉಚಿತ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಂತೆ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶ ಗೋಪ್ಯವಾಗಿರಬೇಕು. ಸೋಂಕಿನ ಮೊದಲ ವಾರಗಳಲ್ಲಿ ಪರೀಕ್ಷೆ ‘ನೆಗೆಟಿವ್’ ತೋರಿಸಬಹುದು, 3 ತಿಂಗಳಿಗೆ ಮತ್ತೆ ಮಾಡಿಸಿ. ಕಾಂಡೋಮ್ ಹರಿದರೆ 72 ಗಂಟೆಯೊಳಗೆ ಪೆಪ್ (ಎಚ್‌ಐವಿ ಸೋಂಕು ತಗಲದಂತೆ ತಡೆಯುವ) ಮಾತ್ರೆ ಶುರು ಮಾಡಿ, 28 ದಿನ ಬಿಡದೆ ನುಂಗಬೇಕು. ಸಹಾಯವಾಣಿ: 1097.