ಝೀರೋ ನೋಡಿ ಸಾರ್

ಪೆಟ್ರೋಲ್ ಬಂಕಿನಲ್ಲಿ ಹುಡುಗ "ಝೀರೋ ನೋಡಿ ಸಾರ್" ಅಂದ ಕೂಡಲೇ ನಾನು ನೋಡುತ್ತೇನೆ. ನನ್ನ ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಅರುಂಧತಿ ನಕ್ಷತ್ರ ತೋರಿಸಿ "ಕಾಣಿಸ್ತಾ?" ಅಂದಾಗಲೂ ಇಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ. ಅವತ್ತು ಸುಮ್ನೆ ಹೂಂ ಅಂದಿದ್ದೆ. ಝೀರೋ ಹಾಗಲ್ಲ, ನಿಜವಾಗಿಯೂ ಕಾಣಿಸುತ್ತದೆ. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಪಕ್ಕಕ್ಕೆ ಬಂದು "ಸ್ಕ್ಯಾನಾ, ಕ್ಯಾಶಾ? ಪವರ್ ಹಾಕ್ಲಾ?" ಅಂತ ಕೇಳುತ್ತಾನೆ. ಅವನಿಗೆ ಉತ್ತರ ಕೊಟ್ಟು ತಿರುಗಿದರೆ ಮೀಟರು ಆಗಲೇ 38 ರೂಪಾಯಿ ದಾಟಿರುತ್ತದೆ.

ಹೀಗಾಗಿ ನಮ್ಮಂಥ ಬುದ್ಧಿವಂತರು 100 ರೂಪಾಯಿಗೆ ಹಾಕಿಸುವುದಿಲ್ಲ. 110 ಅನ್ನುತ್ತೇವೆ. ದುಂಡಗಿನ ಮೊತ್ತಕ್ಕೆ ಯಂತ್ರದಲ್ಲಿ ಏನೋ ಸೆಟ್ ಮಾಡಿರುತ್ತಾರಂತೆ. ಯಾರು ಹೇಳಿದ್ದು? ವಾಟ್ಸಾಪ್. "ಎಲ್ಲರೂ 110 ಅಂತ ಕೇಳೋಕೆ ಶುರು ಮಾಡಿದ ಮೇಲೆ 110ಕ್ಕೇ ಸೆಟ್ ಮಾಡ್ಕೊಳ್ಳಲ್ವೇನ್ರೀ?" ಅಂತ ನನ್ನ ಹೆಂಡತಿ ಕೇಳಿದಳು. ಅವತ್ತಿನಿಂದ ನಾನು 130 ಹಾಕಿಸುತ್ತಿದ್ದೇನೆ.

ಅನುಮಾನ ಇದ್ದವರಿಗೆ ದಾರಿ ಇಲ್ಲ ಅಂತೇನಿಲ್ಲ. ಪ್ರತಿ ಬಂಕಿನಲ್ಲೂ 5 ಲೀಟರಿನ ಅಳತೆ ಪಾತ್ರೆ ಇರಬೇಕು, ಕೇಳಿದರೆ ಅಳೆದು ತೋರಿಸಬೇಕು. ನಾನೂ ಒಮ್ಮೆ ಕೇಳಿದೆ. ಬಂಕಿನವರು ಬಾಯಿ ಬಿಡುವ ಮೊದಲೇ ನನ್ನ ಹಿಂದಿದ್ದ ಹನ್ನೆರಡು ಗಾಡಿಗಳು ಹಾರ್ನ್ ಹೊಡೆದು ಉತ್ತರ ಕೊಟ್ಟವು.

ಹಿಂದೆ ಬೆಲೆ ಬದಲಾಗುವುದು ಒಂದು ಹಬ್ಬವಾಗಿತ್ತು. ತಿಂಗಳಿಗೆ ಎರಡು ಸಲ, 1ನೇ ತಾರೀಖು ಮತ್ತು 16ನೇ ತಾರೀಖು. ಮಧ್ಯರಾತ್ರಿಯಿಂದ ಏರಿಕೆ ಅಂತ ಟಿವಿಯಲ್ಲಿ ಬಂದರೆ ಸಾಕು, ನಮ್ಮ ಭಾವ ಅರ್ಧ ಊಟಕ್ಕೆ ಕೈ ತೊಳೆದು ಸ್ಕೂಟರ್ ತೆಗೆಯುತ್ತಿದ್ದರು. ಬಂಕಿನ ಮುಂದೆ ಒಂದೂವರೆ ಗಂಟೆ ಕ್ಯೂ. 4 ಲೀಟರಿಗೆ ಉಳಿತಾಯ 9 ರೂಪಾಯಿ. ಅರ್ಧಕ್ಕೇ ಎದ್ದ ಹೊಟ್ಟೆ ಸುಮ್ಮನಿರುತ್ತದಾ? ವಾಪಸ್ ಬರುವಾಗ ತಳ್ಳುಗಾಡಿಯಲ್ಲಿ 40 ರೂಪಾಯಿಯ ಎಗ್ ರೈಸ್. ಆದರೂ ಮನೆಗೆ ಬಂದಾಗ ಅವರ ಮುಖದಲ್ಲಿ ಸರ್ಕಾರವನ್ನೇ ಸೋಲಿಸಿದ ಕಳೆ ಇರುತ್ತಿತ್ತು.

2017ರ ಜೂನ್ 16ಕ್ಕೆ ಆ ಹಬ್ಬ ನಿಂತುಹೋಯಿತು. ಇನ್ನು ಮೇಲೆ ದಿನಾ ಬೆಳಗ್ಗೆ 6 ಗಂಟೆಗೆ ಬೆಲೆ ಬದಲಾಗುತ್ತದೆ, ಜಗತ್ತಿನ ಮಾರುಕಟ್ಟೆ ಹೇಗೋ ಹಾಗೆ, ಇದರಲ್ಲಿ ಸರ್ಕಾರದ ಕೈ ಇಲ್ಲ ಅಂದರು. ನಾವು ನಂಬಿದೆವು.

ಮುಂದಿನ ವರ್ಷ ನಮ್ಮ ವಿಧಾನಸಭೆ ಚುನಾವಣೆ ಬಂತು. ಕಚ್ಚಾ ತೈಲಕ್ಕೆ ಕನ್ನಡ ಬರುತ್ತದೆ ಅಂತ ನನಗೆ ಗೊತ್ತಾದದ್ದು ಆಗಲೇ. 2018ರ ಏಪ್ರಿಲ್ 24ರಿಂದ ಬಂಕಿನ ಬೆಲೆ ಕಲ್ಲಿನಂತೆ ನಿಂತುಬಿಟ್ಟಿತು. ಹೊರಗೆ ತೈಲ ಏರುತ್ತಲೇ ಇತ್ತು, ಇಲ್ಲಿ ಒಂದು ಪೈಸೆ ಅಲುಗಲಿಲ್ಲ. ಮೇ 12ಕ್ಕೆ ನಾವು ವೋಟು ಹಾಕಿದೆವು. ಮೇ 14ಕ್ಕೆ ಬೆಲೆಗೆ ಎಚ್ಚರವಾಯಿತು. ಬೆರಳಿನ ಶಾಯಿ ಇನ್ನೂ ಮಾಸಿರಲಿಲ್ಲ. ಅಲ್ಲಿಂದ ಸತತ 16 ದಿನ ಏರಿಕೆ, ದೆಹಲಿಯಲ್ಲಿ ಲೀಟರಿಗೆ ಸುಮಾರು 3 ರೂಪಾಯಿ 80 ಪೈಸೆ.

ಹದಿನೇಳನೇ ದಿನ, ಮೇ 30ರ ಬೆಳಗ್ಗೆ ಸಿಹಿ ಸುದ್ದಿ ಬಂತು. 60 ಪೈಸೆ ಇಳಿಕೆ! ಸಿಹಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ತಿದ್ದುಪಡಿ. ಕಂಪನಿಯ ಜಾಲತಾಣದಲ್ಲಿ ತಪ್ಪಾಗಿದೆ, ಇಳಿಕೆ 60 ಪೈಸೆ ಅಲ್ಲ, 1 ಪೈಸೆ.

ಒಂದು ಪೈಸೆ. 25 ಪೈಸೆ ನಾಣ್ಯಕ್ಕೇ 2011ರಲ್ಲಿ ತಿಥಿ ಮಾಡಿದ ದೇಶದಲ್ಲಿ ಒಂದು ಪೈಸೆ ರಿಯಾಯಿತಿ. 50 ಪೈಸೆ ಕಾನೂನಿನ ಪ್ರಕಾರ ಇನ್ನೂ ಬದುಕಿದೆ. ಬಸ್ ಕಂಡಕ್ಟರ್ ಕೈಗೆ ಕೊಟ್ಟು ನೋಡಿ, ಅವನು ಪೈಸೆಯನ್ನು ನೋಡಲ್ಲ, ನಿಮ್ಮನ್ನು ನೋಡುತ್ತಾನೆ. ಇರಲಿ, ಕೊಟ್ಟಿದ್ದನ್ನು ಬೇಡ ಅನ್ನಬಾರದು ಅಂತ ಲೆಕ್ಕ ಹಾಕಿದೆ. ನನ್ನ ಸ್ಕೂಟರ್ ಟ್ಯಾಂಕು 5 ಲೀಟರ್. ಫುಲ್ ಮಾಡಿಸಿದರೆ ಉಳಿಯುವುದು 5 ಪೈಸೆ. ಹೀಗೆ 20 ಸಲ ಫುಲ್ ಮಾಡಿಸಿದರೆ ಒಂದು ರೂಪಾಯಿ. 45 ಮೈಲೇಜ್ ಅಂತ ಹಿಡಿದರೆ 4500 ಕಿಲೋಮೀಟರ್ ಓಡಿಸಬೇಕು. ಅಂದರೆ ಬೆಂಗಳೂರಿನಿಂದ ಹೊರಟು, ಕಾಶ್ಮೀರ ನೋಡಿಕೊಂಡು, ಅರ್ಧ ದಾರಿ ವಾಪಸ್ ಬರುವ ಹೊತ್ತಿಗೆ ನನ್ನ ಜೇಬಿನಲ್ಲಿ ಒಂದು ರೂಪಾಯಿ ಮಿಕ್ಕಿರುತ್ತದೆ. ಅದನ್ನು ಕೊಟ್ಟು ಮಧ್ಯಪ್ರದೇಶದಲ್ಲಿ ಎಲ್ಲಾದರೂ ಒಂದು ಶುಂಠಿ ಪೆಪ್ಪರ್‌ಮೆಂಟ್ ತಿನ್ನಬಹುದು.

ನಮ್ಮದೊಂದೇ ರಾಜ್ಯದ ಮೇಲೆ ತೈಲಕ್ಕೆ ಪ್ರೀತಿ ಅಂತ ಹೆಮ್ಮೆ ಪಡುವ ಹಾಗೂ ಇಲ್ಲ. 2021ರ ನವೆಂಬರಿನಿಂದ 137 ದಿನ ಬೆಲೆ ಬದಲಾಗಲಿಲ್ಲ. ಆ ನಡುವೆ ಉಕ್ರೇನಿನಲ್ಲಿ ಯುದ್ಧವೇ ಶುರುವಾಯಿತು, ಕಚ್ಚಾ ತೈಲ 100 ಡಾಲರ್ ದಾಟಿತು. ನಮ್ಮ ಬಂಕು ಮಾತ್ರ ಧ್ಯಾನಕ್ಕೆ ಕೂತಿತ್ತು. ಉತ್ತರ ಪ್ರದೇಶದ ಫಲಿತಾಂಶ ಬಂದು 12 ದಿನಕ್ಕೆ ಕಣ್ಣು ಬಿಟ್ಟಿತು. ಬಿಟ್ಟ ಮೇಲೆ 16 ದಿನದಲ್ಲಿ 14 ಸಲ ಏರಿ 10 ರೂಪಾಯಿ ಜಾಸ್ತಿಯಾಯಿತು.

ಝೀರೋ ವಿಷಯಕ್ಕೆ ಬರೋಣ. 2020ರ ಏಪ್ರಿಲ್ 20ರಂದು ಇಡೀ ಜಗತ್ತೇ ನಮಗೆ ಝೀರೋ ತೋರಿಸಿತು. ಅಮೆರಿಕದ ಕಚ್ಚಾ ತೈಲ ಬ್ಯಾರಲ್‌ಗೆ ಮೈನಸ್ 37 ಡಾಲರ್. ಎಣ್ಣೆ ತೆಗೆದುಕೊಂಡು ಹೋಗಿ, ಮೇಲೆ ದುಡ್ಡೂ ಕೊಡ್ತೀವಿ ಅನ್ನುವ ಸ್ಥಿತಿ. ನಾವು ಕೊಳ್ಳುವ ಎಣ್ಣೆ ಅಷ್ಟು ಬೀಳಲಿಲ್ಲ, ನಿಜ. ಆದರೂ ಬ್ಯಾರಲ್‌ಗೆ 20 ಡಾಲರ್ ಆಸುಪಾಸಿಗೆ ಬಂದಿತ್ತು. ಒಂದು ಬ್ಯಾರಲ್ ಅಂದರೆ 159 ಲೀಟರ್. ಅಂದರೆ ಲೀಟರಿಗೆ ಹತ್ತು ರೂಪಾಯಿಯೂ ಆಗಲಿಲ್ಲ. ಬಸ್ ಸ್ಟ್ಯಾಂಡಿನ ನೀರಿನ ಬಾಟಲಿ ಇದಕ್ಕಿಂತ ದುಬಾರಿ.

ಹಾಗಾದರೆ ಪೆಟ್ರೋಲ್ ಇಳಿದಿರಬೇಕಲ್ವಾ? ಮೇ 5ರ ರಾತ್ರಿ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ 10, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು. ಗ್ರಾಹಕರಿಗೆ ಇದರಿಂದ ಹೊರೆ ಇಲ್ಲ, ಬಂಕಿನ ಬೆಲೆ ಏರುವುದಿಲ್ಲ ಅಂತ ಸಮಾಧಾನವನ್ನೂ ಹೇಳಿದರು. ಮಾತು ಸರಿಯೇ. ಇಳಿಯಬೇಕಾದದ್ದು ಇಳಿಯದಿದ್ದರೆ ಅದನ್ನು ಏರಿಕೆ ಅನ್ನಲು ಬರುವುದಿಲ್ಲ. ಅಡುಗೆ ಭಟ್ಟ ನಿಮ್ಮ ಎಲೆಗೆ ಬಡಿಸಬೇಕಿದ್ದ ಹೋಳಿಗೆಯನ್ನು ತನ್ನ ಡಬ್ಬಿಗೆ ಹಾಕಿಕೊಂಡರೆ ನಿಮ್ಮ ಎಲೆಯಿಂದ ಏನೂ ಕಡಿಮೆಯಾಗಲಿಲ್ಲ, ನೋಡಿ.

ಕೇಂದ್ರವನ್ನು ಮಾತ್ರ ಬೈದರೆ ರಾಜ್ಯದವರು ಬೇಜಾರು ಮಾಡಿಕೊಳ್ಳುತ್ತಾರೆ. 2024ರ ಮಾರ್ಚ್ 15ರಂದು ಕೇಂದ್ರ 2 ರೂಪಾಯಿ ಇಳಿಸಿತು. ಮಾರನೇ ದಿನವೇ ಲೋಕಸಭೆ ಚುನಾವಣೆ ಘೋಷಣೆ, ಕಾಕತಾಳೀಯ. ಜೂನ್ 4ಕ್ಕೆ ಫಲಿತಾಂಶ ಬಂತು. ಜೂನ್ 15ಕ್ಕೆ ನಮ್ಮ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿ ಪೆಟ್ರೋಲಿಗೆ 3 ರೂಪಾಯಿ ಜಾಸ್ತಿ ಮಾಡಿತು. ಒಬ್ಬರು ಕೊಟ್ಟ ಸಾಲವನ್ನು ಇನ್ನೊಬ್ಬರು ಒಂದು ರೂಪಾಯಿ ಬಡ್ಡಿ ಸೇರಿಸಿ ವಸೂಲಿ ಮಾಡಿದರು. ಸಾಲ ಕೇಳಿದ್ದು ಯಾರು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಅದಕ್ಕೂ ಮೂರು ವರ್ಷ ಮೊದಲು, 2021ರ ಸೆಪ್ಟೆಂಬರಿನಲ್ಲಿ, ಆಗ ವಿರೋಧ ಪಕ್ಷದಲ್ಲಿದ್ದ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಬೆಲೆ ಏರಿಕೆ ವಿರೋಧಿಸಿ ಎತ್ತಿನ ಗಾಡಿ ಏರಿ ವಿಧಾನಸೌಧಕ್ಕೆ ಹೋಗಿದ್ದರು. 2024ರಲ್ಲಿ ಬೀದಿಗಿಳಿದವರು ಬಿಜೆಪಿಯವರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅಧಿಕಾರ ಹೋದವರಿಗೆ ಪೆಟ್ರೋಲ್ ದುಬಾರಿ, ಬಂದವರಿಗೆ ಖಜಾನೆ ಖಾಲಿ. ಪಾಪ, ಎತ್ತುಗಳಿಗೆ ಮಾತ್ರ ಯಾವ ಸರ್ಕಾರ ಬಂದರೂ ಡ್ಯೂಟಿ ತಪ್ಪುವ ಹಾಗೆ ಕಾಣುವುದಿಲ್ಲ.

ನೂರರ ಗಡಿ ದಾಟಿದ್ದಂತೂ ಯಂತ್ರಕ್ಕೇ ನಂಬಲಾಗಲಿಲ್ಲ. 2021ರ ಫೆಬ್ರವರಿಯಲ್ಲಿ ಭೋಪಾಲದ ಕೆಲವು ಹಳೇ ಯಂತ್ರಗಳಲ್ಲಿ ಬೆಲೆಗೆ ಮೂರಂಕಿಯ ಜಾಗವೇ ಇರಲಿಲ್ಲ. ಮಾರಾಟವನ್ನೇ ನಿಲ್ಲಿಸಬೇಕಾಯಿತು. ನನಗೆ ಆ ಯಂತ್ರಗಳ ಮೇಲೆ ಈಗಲೂ ಗೌರವ ಇದೆ. ಇಡೀ ದೇಶದಲ್ಲಿ ಏರಿಕೆಯನ್ನು ಒಪ್ಪುವುದಿಲ್ಲ ಅಂತ ಗಟ್ಟಿಯಾಗಿ ನಿಂತವು ಅವೇ.

ಮೊನ್ನೆ ಬೆಳಗ್ಗೆ ಬೇಗ ಎಚ್ಚರವಾಯಿತು. 6 ಗಂಟೆಗೆ ಬೆಲೆ ಬದಲಾಗುವುದನ್ನು ಕಣ್ಣಾರೆ ನೋಡೋಣ ಅಂತ ಬಂಕಿಗೆ ಹೋದೆ. ಬೋರ್ಡಿನ ಮುಂದೆ ನಿಂತು ಗಡಿಯಾರ ನೋಡಿದೆ. ಆರು ಆಯಿತು. ಆರೂ ಐದು ಆಯಿತು. ಅಂಕಿ ಮಿಸುಕಲಿಲ್ಲ.

"ಏನಪ್ಪಾ, ದಿನಾ ಬದಲಾಗುತ್ತೆ ಅಂದಿದ್ರಲ್ಲ?" ಅಂದೆ.

"ಬದಲಾಗುತ್ತೆ ಸಾರ್. ಮೊದಲು ಎಲ್ಲಾದ್ರೂ ಒಂದು ರಿಸಲ್ಟ್ ಬರ್ಲಿ" ಅಂದ ಹುಡುಗ, ಪೈಪು ಎತ್ತಿಕೊಂಡು. "ಎಷ್ಟಕ್ಕೆ?"

"ನೂರ ಮೂವತ್ತು."

"ಝೀರೋ ನೋಡಿ ಸಾರ್."

ನೋಡಿದೆ. ದುಡ್ಡು ಕೊಟ್ಟು, "ಗಾಳಿ ಉಚಿತ" ಅಂತ ಬರೆದಿದ್ದ ಮೂಲೆಗೆ ಗಾಡಿ ತಳ್ಳಿಕೊಂಡು ಹೋದೆ. ಅಲ್ಲಿ ಯಾರೂ ಇರಲಿಲ್ಲ.

"ಗಾಳಿ ಹಾಕುವವನು ಎಲ್ಲಪ್ಪಾ?"

"ಊಟಕ್ಕೆ ಹೋಗಿದ್ದಾನೆ ಸಾರ್."

ಬೆಳಗ್ಗೆ ಆರೂ ಹತ್ತು.